ಎರಡು ಗೆರೆ ಎಳೆದ ಚೀಟಿ

ಮೂವತ್ತು ವರ್ಷಗಳಿಂದ ನಾನು ಜನ ಓಲಾಡುವುದನ್ನು ನೋಡಿ ಅನ್ನ ತಿನ್ನುತ್ತಿದ್ದೇನೆ. ಹೇಳಿಕೊಳ್ಳಲು ಅದಕ್ಕೊಂದು ದೊಡ್ಡ ಹೆಸರಿದೆ: ನರರೋಗಗಳ ವಂಶವಾಹಿ ಸಂಶೋಧನೆ. ಚಿಕ್ಕಮೆದುಳು ಮೆಲ್ಲಗೆ ಸವೆದು, ನಡಿಗೆ ತಪ್ಪಿ, ಮಾತು ತೊದಲುವ ಕಾಯಿಲೆ. ಅಪ್ಪನಿಂದಲೋ ಅಮ್ಮನಿಂದಲೋ ಮಕ್ಕಳಿಗೆ ಇಳಿಯುತ್ತದೆ. ಗುಣಪಡಿಸುವ ಔಷಧ ಇನ್ನೂ ಇಲ್ಲ. ಲೇಖನ ಮಾತ್ರ ಬೇಕಾದಷ್ಟು ಬರೆದಿದ್ದೇನೆ. "ಅಲ್ಲಾರೀ, ಇಷ್ಟೆಲ್ಲಾ ಬರ್ದಿದೀರಲ್ಲ, ಒಬ್ರಾದ್ರೂ ನೆಟ್ಟಗೆ ನಡೆದ್ರಾ?" ಎಂದು ಹೆಂಡತಿ ಕೇಳುತ್ತಾಳೆ. ಕೇಳಲಿ ಬಿಡಿ.

ನನ್ನ ಭಾಷಣ ಕೇಳಬೇಕು ನೀವು! ಸಭೆ ಯಾವುದೇ ಇರಲಿ, ಮೂರನೆಯ ಸ್ಲೈಡಿಗೆ ಗಂಟಲು ಏರಿಸುತ್ತೇನೆ: "ಇಂಥ ರೋಗಿಯನ್ನು ಕುಡುಕ ಎಂದು ಬರೆದು ಕಳಿಸುವ ವೈದ್ಯರು ಇನ್ನೂ ಇದ್ದಾರೆ!" ಸಭಿಕರು ನಗುತ್ತಾರೆ. ಆ ಪೆದ್ದ ವೈದ್ಯರ ಬಗ್ಗೆ ಕನಿಕರಪಡುವ ಮುಖ ಮಾಡಿಕೊಂಡು ನಾನು ನೀರು ಕುಡಿಯುತ್ತೇನೆ.

ಹೋದ ವರ್ಷ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಭದ್ರಾವತಿಯಿಂದ ತಾಯಿ, ಮಗ ಬಂದರು. ಮಗನಿಗೆ ನಲವತ್ತರ ಆಸುಪಾಸು, ಸಿಟಿ ಬಸ್ಸಿನ ಕಂಡಕ್ಟರ್. ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲೇ ನನಗೆ ಕಾಯಿಲೆ ಗೊತ್ತಾಯಿತು.

"ಕುಡಿದು ಡ್ಯೂಟಿಗೆ ಬರ್ತಾನೆ ಅಂತ ಓನರ್ ಮನೆಗೆ ಕಳ್ಸಿದಾರೆ ಸಾರ್," ಎಂದರು ತಾಯಿ. "ಕುಡಿಯಲ್ಲ, ಇದು ಕಾಯ್ಲೆ ಅಂತ ನೀವು ಬರ್ಕೊಟ್ರೆ ಕೂತು ಮಾಡೋ ಕೆಲ್ಸ ಕೊಡ್ತಾರಂತೆ."

ರಕ್ತ ಪರೀಕ್ಷೆಗೆ ಕಳಿಸಿದೆ. ವರದಿ ನಾನು ಅಂದುಕೊಂಡಂತೆಯೇ ಬಂತು. ಅವರಿಗೆ ಬರಬಾರದ ಕಾಯಿಲೆ ಬಂದಿದ್ದರೆ ನನಗೆ ಒಳಗೊಳಗೇ ಖುಷಿ, ನನ್ನ ಊಹೆ ಸರಿಯಾಯಿತಲ್ಲ ಎಂದು. ನಾಚಿಕೆಗೇಡು. ವರದಿ ಒಯ್ಯಲು ಬಂದ ದಿನ ಅವರ ವಂಶವೃಕ್ಷ ಬರೆಯಲು ಕೂತೆ.

"ಇವರ ತಂದೆ?"

"ಕಾಗದನಗರದಲ್ಲಿದ್ವಿ ಸಾರ್, ಮಿಲ್ ಕೆಲ್ಸ. ತೀರ್ಕೊಂಡು ಹನ್ನೆರಡು ವರ್ಷ ಆಯ್ತು. ಅವ್ರೂ ಹಿಂಗೇ ಓಲಾಡ್ತಿದ್ರು."

"ಯಾರಿಗೂ ತೋರಿಸಲಿಲ್ವಾ? ಹಳೇ ಚೀಟಿ ತನ್ನಿ ಅಂತ ಎಷ್ಟು ಸಲ ಹೇಳೋದಮ್ಮಾ!" ಎಂದು ರೇಗಿದೆ.

ಆಕೆ ಪ್ಲಾಸ್ಟಿಕ್ ಕವರಿನಿಂದ, ಮಡಿಕೆಯಲ್ಲಿ ಹರಿದಿದ್ದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರಾದ ಹೊಸತರಲ್ಲಿ ನಾನು ಭದ್ರಾವತಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದೆ. ಚೀಟಿಯಲ್ಲಿದ್ದದ್ದು ನನ್ನದೇ ಕಾಗೆಕಾಲು ಗುಬ್ಬಿಕಾಲು. ಔಷಧಿ ಅಂಗಡಿಯವರಿಗೂ ತಿಳಿಯದ ಅಕ್ಷರ. ಒಂದು ಸಾಲು ಮಾತ್ರ ಕನ್ನಡದಲ್ಲಿ, ಮುತ್ತು ಪೋಣಿಸಿದ ಹಾಗೆ: 'ಕುಡಿತ ಬಿಡಬೇಕು.' ಅದರ ಅಡಿಗೆ ಎರಡು ಗೆರೆ.

"ಇದು... ನಾನೇ," ಎಂದೆ.

"ಗೊತ್ತು ಸಾರ್. ಆಗ ನಿಮ್ಗೆ ಮೀಸೆ ಇತ್ತು."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದಿನಾನೂ ವಾಸ್ನೆ ಬಂದಿರ್ಲಿಲ್ಲ. ಆದ್ರೂ ಡಾಕ್ಟ್ರೇ ಬರ್ದಿದಾರಲ್ಲ ಅಂತ ದಿನಾ ಜಗಳ ಆಡ್ದೆ. ದೇವಸ್ಥಾನಕ್ಕೆ ಕರ್ಕೊಂಡೋಗಿ ಆಣೆ ಮಾಡಿಸ್ದೆ. ಯಾವತ್ತೂ ಕುಡೀದೇ ಇದ್ದೋರು, ಇನ್ಮೇಲೆ ಕುಡಿಯಲ್ಲ ಅಂತ ಕರ್ಪೂರ ಹಚ್ಚಿ ಆಣೆ ಮಾಡಿದ್ರು ಸಾರ್, ನನ್ನ ಸಮಾಧಾನಕ್ಕೆ. ಓಲಾಡೋದು ನಿಲ್ಲಲಿಲ್ಲ. ಆಣೆ ಮುರಿದ್ರು ಅಂತ ನಾನು ಮಾತೇ ಬಿಟ್ಟೆ."

ಮಗ ನೆಲ ನೋಡುತ್ತಿದ್ದ. ನನಗೆ ಅಳು ಬಂತು. ಪ್ರೊಫೆಸರು ಅಳಬಾರದೆಂದು ಕನ್ನಡಕ ತೆಗೆದು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ತಪ್ಪಾಯ್ತಮ್ಮ," ಎಂದೆ. ಇಷ್ಟು ವರ್ಷದ ಭಾಷಣಗಳಲ್ಲಿ ಆ ಮಾತು ಒಮ್ಮೆಯೂ ಬಂದಿರಲಿಲ್ಲ.

ಮಗನಿಗೆ ಪತ್ರ ಬರೆದು, ಸಹಿ ಹಾಕಿ, ಸೀಲು ಒತ್ತಿದೆ. ಅದನ್ನು ಓನರ್ ಒಪ್ಪಿದರು. ಈಗ ಅವನು ಬಸ್ ಸ್ಟ್ಯಾಂಡಿನಲ್ಲಿ ಕೂತು ಬಸ್ಸು ಬಂದು ಹೋಗುವ ಟೈಮು ಬರೆಯುತ್ತಾನೆ. ಆದರೆ ಅವತ್ತು ಪತ್ರ ಕೈಗೆ ಬಂದರೂ ತಾಯಿ ಏಳಲಿಲ್ಲ.

"ಅವ್ರಿಗೂ ಒಂದು ಬರ್ಕೊಡಿ ಸಾರ್."

"ತೀರಿಹೋದೋರಿಗಾ? ಯಾರಿಗೆ ತೋರಿಸ್ತೀರಮ್ಮ?"

"ತೋರ್ಸೋಕಲ್ಲ. ಅವ್ರ ಫೋಟೋ ಮುಂದೆ ಓದ್ಬೇಕು. ಅವತ್ತು ಬರ್ದಿದ್ರಲ್ಲ, ಅಷ್ಟೇ ನೀಟಾಗಿ ಬರೀರಿ."

ಬರೆದೆ. 'ಇವರು ಕುಡಿಯುತ್ತಿರಲಿಲ್ಲ.' ಅಡಿಗೆ ಎರಡು ಗೆರೆ ಎಳೆದೆ. ಆಕೆ ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿ, ಕವರಿಗೆ ಹಾಕಿಕೊಂಡರು. ಹಳೆಯ ಚೀಟಿಯನ್ನು ಮಾತ್ರ ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

"ಇದು ನೀವು ಇಟ್ಕೊಳ್ಳಿ ಸಾರ್," ಎಂದರು. "ನಾನು ಇಷ್ಟು ವರ್ಷ ಇಟ್ಕೊಂಡಿದ್ದಾಯ್ತು."