ವ್ಯೂ ಪಾಯಿಂಟ್ ಪಕ್ಕದ ಜೋಕಾಲಿ

‘ವ್ಯೂ ಪಾಯಿಂಟ್’ ಎಂಬ ಫಲಕ ಕಂಡರೆ ನನಗೆ ನಗು ಬರುತ್ತದೆ. ಬೆಟ್ಟದ ಸೀಮೆಯವರು ಮನ್ನಿಸಬೇಕು. ನಾನು ರಾಣೆಬೆನ್ನೂರಿನವಳು. ದೂರ ನೋಡುವುದಕ್ಕೆ ನಮ್ಮಲ್ಲಿ ಎಲ್ಲಿಗೂ ಹತ್ತಬೇಕಾಗಿಲ್ಲ. ಊರಂಚಿನ ನಮ್ಮ ಓಣಿಯ ಕೊನೆಗೆ ಬಂದು ನಿಂತರೆ ಸಾಕು, ಗೋವಿನಜೋಳದ ಹೊಲ, ಅದರಾಚೆ ಹತ್ತಿಯ ಹೊಲ, ಅದರಾಚೆ ಯಾವುದೋ ಊರಿನ ನೀರಿನ ಟಾಂಕಿ, ಮತ್ತೆ ಉಳಿದದ್ದೆಲ್ಲ ಆಕಾಶ. ಇದೇ ದೂರವನ್ನು ನೋಡಲು ಬೆಟ್ಟದ ಊರುಗಳಲ್ಲಿ ಜನ ಏದುಸಿರು ಬಿಡುತ್ತಾ ಮೇಲೇರುತ್ತಾರೆ, ಕಬ್ಬಿಣದ ಸರಳು ಹಿಡಿದು ನಿಲ್ಲುತ್ತಾರೆ, ‘ಆಹಾ’ ಎನ್ನುತ್ತಾರೆ. ನಮಗೆ ಪುಕ್ಕಟೆ ಸಿಕ್ಕಿದ್ದಕ್ಕೆ ನಾವು ಎಂದೂ ಆಹಾ ಎಂದವರಲ್ಲ.

ಹಾಗಂತ ನಮಗೆ ಗುಡ್ಡಗಳಿಲ್ಲ ಎಂದು ತಿಳಿಯಬೇಡಿ. ದೇವರಗುಡ್ಡ ಇದೆ, ಐರಣಿಯಲ್ಲಿ ಹೊಳೆಯ ದಂಡೆಗೆ ಗುಡ್ಡ ಇದೆ. ಆದರೆ ನಮ್ಮ ಗುಡ್ಡಗಳು ಮನೆಯ ಹಿರಿಯರ ಹಾಗೆ. ಬಿಸಿಲಿಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿರುತ್ತವೆ, ನೋಡಲು ಬಂದವರನ್ನು ಮೆಚ್ಚಿಸುವ ಗೋಜಿಗೆ ಹೋಗುವುದಿಲ್ಲ. ಊರ ಪಕ್ಕದಲ್ಲೇ ಕೃಷ್ಣಮೃಗಗಳ ಅಭಯಾರಣ್ಯವೂ ಇದೆ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ಮೃಗಗಳು ದೂರದಲ್ಲಿ ನಿಂತು ನಮ್ಮನ್ನು ಚೆನ್ನಾಗಿ ನೋಡಿ, ನೋಡಿದ್ದು ಸಾಕೆನಿಸಿದ ಮೇಲೆ ಹೋಗಿಬಿಡುತ್ತವೆ. ಹಾವೇರಿಯಲ್ಲಿ ನನ್ನ ನಾದಿನಿಯ ಮನೆಯೆದುರು ಒಂದು ಉದ್ಯಾನವಿದೆ. ಅಲ್ಲಿ ನಡೆಯಲು ಹಾಸುಗಲ್ಲಿನ ದಾರಿ ಮಾಡಿದ್ದಾರೆ. ಜನ ಆ ದಾರಿಯ ಮೇಲೆಯೇ ಚಾಪೆ ಹಾಸಿ ಕೂತು ಮಂಡಕ್ಕಿ ತಿನ್ನುತ್ತಾರೆ. ನನಗೆ ಆ ಉದ್ಯಾನದ ಮೇಲೆ ಬಹಳ ಪ್ರೀತಿ.

ಇಷ್ಟೆಲ್ಲ ಇದ್ದರೂ ಆಷಾಢ ಬಂತೆಂದರೆ ನನ್ನ ಮನಸ್ಸು ಬೆಟ್ಟದ ಕಡೆಗೇ ಓಡುತ್ತದೆ. ಪಡುವಣದಿಂದ ಗಾಳಿ ಬೀಸುತ್ತದೆ. ಮೋಡಗಳು ನಮ್ಮ ತಲೆಯ ಮೇಲೆ ಸಾಲುಗಟ್ಟಿ ಸಾಗುತ್ತವೆ, ನಿಲ್ಲುವುದಿಲ್ಲ. ಇವು ಹೊರಟ ಊರು ಹೇಗಿರಬಹುದು ಎಂದು ಯೋಚಿಸುತ್ತಾ ನಾನು ಕೆಲಸದ ಮೇಜಿನ ಮುಂದೆ ಕನಸು ಕಾಣುತ್ತೇನೆ. ನನ್ನ ಕೆಲಸವೂ ಕನಸು ಕಾಣುವುದಕ್ಕೆ ತಕ್ಕದ್ದೇ. ಬೀಜದ ಕಂಪನಿಯೊಂದರಲ್ಲಿ ಒದ್ದೆ ಕಾಗದದ ಮೇಲೆ ಬೀಜ ಹರವಿಟ್ಟು, ಅವು ಮೊಳೆಯುತ್ತವೋ ಇಲ್ಲವೋ ಎಂದು ಕಾಯುವುದು. ಕೈ ಹಾಕಿ ಎಳೆದರೆ ಮೊಳಕೆ ಬೇಗ ಬರುವುದಿಲ್ಲ. ಈ ವಿಷಯ ಬೀಜದ ಮಟ್ಟಿಗೆ ನನಗೆ ಚೆನ್ನಾಗಿ ಗೊತ್ತಿದೆ. ಮನುಷ್ಯರ ಮಟ್ಟಿಗೆ ಬಂದಾಗ ಮಾತ್ರ ನಾನು ಕೈ ಹಾಕಿ ಎಳೆಯುವವಳೇ.

ಎಳೆಯಬೇಕಾಗಿ ಬಂದದ್ದು ನನ್ನ ಅಕ್ಕ ಗಿರಿಜಕ್ಕನನ್ನು. ಅವಳನ್ನು ಬ್ಯಾಡಗಿಗೆ ಕೊಟ್ಟಿದೆ, ಮೆಣಸಿನಕಾಯಿ ವ್ಯಾಪಾರದ ಮನೆಗೆ. ಅವಳ ಸೀರೆ ಕೊಡವಿದರೆ ಇಡೀ ಓಣಿ ಸೀನುತ್ತದೆ, ಅವಳು ಮಾತ್ರ ಸೀನುವುದಿಲ್ಲ. ಅಪ್ಪ ಅವ್ವ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನನ್ನ ಮನೆಯೇ. ಪ್ರತಿ ವರ್ಷ ನಾಗರಪಂಚಮಿಗೆ ಎಳ್ಳು ಶೇಂಗಾದ ಉಂಡಿಯ ಡಬ್ಬಿ ಹೊತ್ತು ಬರುತ್ತಿದ್ದಳು. ಬಂದವಳು ಚಹಾ ಸಹ ಕುಡಿಯದೆ ನೇರ ಓಣಿಯ ಬೇವಿನ ಮರದ ಕೆಳಗೆ ಹೋಗುತ್ತಿದ್ದಳು.

ಪಂಚಮಿಯ ಜೋಕಾಲಿ ಕಾಣದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಜೋಕಾಲಿ ಮಕ್ಕಳ ಆಟಿಕೆಯಲ್ಲ. ಹಬ್ಬದ ದಿನ ದಪ್ಪ ಹಗ್ಗಕ್ಕೆ ಹಲಗೆ ಬಿಗಿದು ಬೇವಿನ ಕೊಂಬೆಗೆ ಕಟ್ಟಿದರೆಂದರೆ ಅದು ಹೆಂಗಸರ ಸ್ವತ್ತು. ಸೀರೆಯ ಕಚ್ಚೆ ಬಿಗಿದು, ಇಬ್ಬರು ಎದುರುಬದುರು ನಿಂತು ಮೊಳಕಾಲು ಬಗ್ಗಿಸಿ ಜೀಕತೊಡಗಿದರೆ ಮರವೇ ಅಲುಗಾಡುತ್ತದೆ. ಮಕ್ಕಳು ಕೆಳಗೆ ನಿಂತು ಪಾಳಿ ಬೇಡುತ್ತಾ ಅಳುತ್ತಿರುತ್ತಾರೆ. ನನ್ನ ಅಕ್ಕ ಜೀಕುವುದನ್ನು ನೋಡಿ ಹೊಸದಾಗಿ ಬಂದ ಸೊಸೆಯಂದಿರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ಎತ್ತರ.

ಭಾವ ತೀರಿಕೊಂಡ ಮೇಲಿನ ಮೊದಲ ಪಂಚಮಿಗೂ ಅಕ್ಕ ಬಂದಳು. ಉಂಡಿ ಹಂಚಿದಳು. ಮರದ ಕಟ್ಟೆಯ ಮೇಲೆ ಕೂತಳು. ನಾನು ಕೈ ಹಿಡಿದು ಎಳೆದೆ.

“ಬಿಡವ್ವಾ, ನೀವ ಆಡ್ರಿ. ನಾ ಇಲ್ಲೇ ಕುಂತು ನೋಡ್ತೇನಿ,” ಎಂದಳು.

ಗಂಡ ಸತ್ತವಳು ಜೀಕಬಾರದು ಎಂದು ನಮ್ಮ ಓಣಿಯಲ್ಲಿ ಯಾರೂ ಹೇಳಲಿಲ್ಲ. ಆದರೆ ಅಂಥ ಮಾತನ್ನು ಯಾರಾದರೂ ಹೇಳಲೇಬೇಕೆಂದೇನೂ ಇಲ್ಲ. ಅಕ್ಕ ದಿನವಿಡೀ ಕಟ್ಟೆಯ ಮೇಲೆ ಕೂತು, ನಕ್ಕು, ಸಂಜೆ ಬಸ್ಸು ಹತ್ತಿದಳು. ಮರುವರ್ಷ ಮೊಳಕಾಲು ನೋವೆಂದು ಬರಲೇ ಇಲ್ಲ. ಆ ಹಬ್ಬ ನನಗೆ ಹೇಗೆ ಹೋಯಿತೆಂದು ಕೇಳಬೇಡಿ. ಉಂಡಿ ಬಾಯಲ್ಲಿಟ್ಟರೆ ಮಣ್ಣು ತಿಂದ ಹಾಗಾಗುತ್ತಿತ್ತು. ಈ ವರ್ಷವೂ ಬರದಿದ್ದರೆ ಇನ್ನು ಅವಳು ಪಂಚಮಿಗೆ ಬರುವುದೇ ಇಲ್ಲ ಎಂದು ಒಳಗೊಳಗೇ ಹೆದರಿಕೆ ಹುಟ್ಟಿತ್ತು.

ಆದ್ದರಿಂದಲೇ ಈ ಆಷಾಢದಲ್ಲಿ ಓಣಿಯ ಹೆಂಗಸರೆಲ್ಲ ಟೆಂಪೊ ಮಾಡಿಕೊಂಡು ಬೆಟ್ಟ ನೋಡಲು ಹೊರಟಾಗ ಅಕ್ಕನನ್ನೂ ಬಲವಂತವಾಗಿ ಕರೆಸಿದೆ. ಆ ಗಿರಿಧಾಮದ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಒಬ್ಬ ಹೆಣ್ಣುಮಗಳಿಗೆ ಬೈಗುಳ ಬಿದ್ದೀತು. ಅದು ಯಾಕೆಂದು ಮುಂದೆ ತಿಳಿಯುತ್ತದೆ.

ಅಕ್ಕ ದೊಡ್ಡ ಬುತ್ತಿಯೊಂದಿಗೇ ಬಂದಿದ್ದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಎಣ್ಣೆಗಾಯಿ. ಖಡಕ್ ರೊಟ್ಟಿ ಎಂದರೆ ತಿಂಗಳು ಇಟ್ಟರೂ ಕೆಡದ, ಮುರಿದರೆ ಪಟ್ಟೆಂದು ಸದ್ದು ಮಾಡುವ ರೊಟ್ಟಿ. ಲೋಕದ ಯಾವ ಮೂಲೆಗೆ ಒಯ್ದರೂ ಅದು ಹಾಗೇ ಇರುತ್ತದೆಂದು ನಮ್ಮ ನಂಬಿಕೆ. ಗಿರಿಧಾಮದಲ್ಲಿ ಒಂದು ರಾತ್ರಿ ಕಳೆದು ಬೆಳಿಗ್ಗೆ ಗಂಟು ಬಿಚ್ಚಿದರೆ, ಅಷ್ಟೂ ರೊಟ್ಟಿ ಹಸಿ ಬಟ್ಟೆಯಂತೆ ಮೆತ್ತಗಾಗಿ ಜೋತುಬಿದ್ದಿದ್ದವು. ಆ ಊರಿನ ಗಾಳಿಯ ತುಂಬ ನೀರಿದೆ ಎಂಬುದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಕ್ಕ ಒಂದು ರೊಟ್ಟಿ ಎತ್ತಿ ಮಡಚಿದಳು. ಅದು ಮುರಿಯದೆ ಕರವಸ್ತ್ರದಂತೆ ಮಡಚಿಕೊಂಡಿತು. ಅವಳ ಮುಖ ನೋಡಲಾಗಲಿಲ್ಲ.

“ಇದೆಂಥಾ ಊರss ಯವ್ವಾ,” ಎಂದಳು. “ರೊಟ್ಟಿಗೂ ಜೀವ ಸಾಕಾಗಿ ಹೋಗೇತಿ.”

ಓಣಿಯ ಹಿರಿಯಳು ಶಾಂತವ್ವ, “ಮೆತ್ತಗಾದ್ರ ನಮ್ಮ ಹಲ್ಲಿಗೆ ಚಲೋನ ಆತು ಬಿಡ,” ಎಂದು ಸಮಾಧಾನ ಮಾಡಿದಳು. ಅವಳ ಬಾಯಲ್ಲಿ ಹಲ್ಲು ಕಡಿಮೆ, ಮಾತು ಹೆಚ್ಚು.

ಗಿರಿಧಾಮದ ಉದ್ಯಾನ ಗುಡ್ಡದ ನೆತ್ತಿಯಲ್ಲಿತ್ತು. ಹೂವಿನ ಮಡಿಗಳು, ಕತ್ತರಿಸಿ ಗುಂಡಗೆ ಮಾಡಿದ ಗಿಡಗಳು, ಕೊನೆಯಲ್ಲಿ ಸರಳು ಹಾಕಿದ ವ್ಯೂ ಪಾಯಿಂಟ್. ಬಂದವರೆಲ್ಲ ಸರಳಿನ ಕಡೆಗೆ ನಡೆದರು. ನಮ್ಮ ಓಣಿಯವರು ಮಾತ್ರ ಕಾಲು ತಿರುಗಿಸಿದರು. ಯಾಕೆಂದರೆ ಅದರ ಪಕ್ಕದಲ್ಲೇ ಒಂದು ಜೋಕಾಲಿ ತೂಗುತ್ತಿತ್ತು. ಕಬ್ಬಿಣದ ಕಂಬ, ಸರಪಳಿ, ಹಲಗೆ. ಊರಿಂದ ಅಷ್ಟು ದೂರ ಬಂದು, ದುಡ್ಡು ಕೊಟ್ಟು ಒಳಗೆ ಹೊಕ್ಕು, ಕಣಿವೆಗೆ ಬೆನ್ನು ಹಾಕಿ, ಐವತ್ತು ಅರವತ್ತು ದಾಟಿದ ಹೆಂಗಸರು ಜೋಕಾಲಿಯ ಮುಂದೆ ಪಾಳಿ ಹಚ್ಚುವುದು ನಮ್ಮ ಸೀಮೆಯವರಿಗಲ್ಲದೆ ಬೇರೆಯವರಿಗೆ ಹೊಳೆಯುವ ತಪ್ಪಲ್ಲ. ಶಾಂತವ್ವ ಆಗಲೇ ಹಲಗೆಯ ಮೇಲೆ ಹತ್ತಿ ನಿಂತಿದ್ದಳು. ಅವಳ ಎದುರು ನಾನು.

ಸೀಟಿ ಕೇಳಿಸಿತು. ಖಾಕಿ ಕೋಟು ತೊಟ್ಟ ಕಾವಲಿನ ಹೆಣ್ಣುಮಗಳು ಓಡಿ ಬಂದಳು.

“ಅಮ್ಮಾ, ಇಳೀರಿ, ಇಳೀರಿ! ಅದು ಮಕ್ಕಳ ಉಯ್ಯಾಲೆ ಮಾರಾಯ್ರೆ. ಬೋರ್ಡು ಓದ್ಲಿಲ್ವಾ? ಹನ್ನೆರಡು ವರ್ಷದ ಒಳಗಿನವರಿಗೆ ಮಾತ್ರ.”

“ಓದೇನ್ರಿ,” ಎಂದಳು ಶಾಂತವ್ವ ಇಳಿಯದೆ. “ನಮಗೂ ಒಂದ ಕಾಲಕ್ಕ ಅಷ್ಟ ವಯಸ್ಸಾಗಿತ್ತಲ್ರಿ.”

“ದೊಡ್ಡೋರು ಯಾರಾದ್ರೂ ಉಯ್ಯಾಲೆ ಆಡ್ತಾರಾ?”

“ನಮ್ಮ ಕಡಿ ಪಂಚಮಿಗೆ ಸಣ್ಣ ಹುಡುಗರಿಗೆ ಪಾಳೀನ ಸಿಗೂದಿಲ್ರಿ.”

ಆಕೆಗೆ ನಗು ಬಂತು. ಆದರೂ ನಮ್ಮನ್ನು ಇಳಿಸಿದಳು. “ಸರಪಳಿ ಏನೋ ಗಟ್ಟಿ ಇದೆ. ದೊಡ್ಡೋರು ಹತ್ತಿದ್ದನ್ನ ಸಾಹೇಬ್ರು ನೋಡಿದ್ರೆ ನನಗೆ ಬೈತಾರೆ, ಅಷ್ಟೇ,” ಎಂದಳು. ನಾವು ಪಕ್ಕದ ಬೆಂಚುಗಳ ಮೇಲೆ ಕೂತೆವು. ಅಕ್ಕ ಮೊದಲಿನಿಂದಲೂ ಅಲ್ಲೇ ಕೂತಿದ್ದಳು, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು. ಜೋಕಾಲಿಯ ಕಡೆ ಅವಳು ನೋಡುತ್ತಿರಲಿಲ್ಲ. ಹಾಗೆ ನೋಡದಿರುವುದಕ್ಕೆ ಅವಳು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು.

ಆಗ ಕಣಿವೆಯಿಂದ ಮಂಜು ಏರಿ ಬಂತು. ಮೊದಲು ಸರಳು ಹೋಯಿತು, ಆಮೇಲೆ ಹೂವಿನ ಮಡಿ, ಆಮೇಲೆ ಜೋಕಾಲಿಯ ಕಂಬ. ಕಾವಲಿನ ಹೆಣ್ಣುಮಗಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: “ಇನ್ನು ಸ್ವಲ್ಪ ಹೊತ್ತು ಸಾಹೇಬ್ರಿಗೂ ಏನೂ ಕಾಣಲ್ಲ, ನನಗೂ ಕಾಣಲ್ಲ. ನಾನು ಕಾಫಿ ಕುಡಿದು ಬರ್ತೀನಿ.” ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಅವಳೂ ಮಂಜಿನೊಳಗೆ ಹೋದಳು.

ಅಂಥ ಮಂಜನ್ನು ನಾನು ಕಂಡೇ ಇರಲಿಲ್ಲ. ನಮ್ಮೂರಲ್ಲಿ ಮಾಗಿಯ ಬೆಳಗಿಗೆ ಬೀಳುವ ಇಬ್ಬನಿ ಹೊಲದ ಮೇಲೆ ತೆಳ್ಳಗೆ ಹಾಸಿಕೊಂಡು, ಬಿಸಿಲೇರಿದರೆ ಎದ್ದು ಹೋಗುತ್ತದೆ. ಇದು ಮೈಯೊಳಗೇ ಹೊಕ್ಕಂತಿತ್ತು. ನನ್ನ ಕೈ ನನಗೇ ಮಸುಕಾಗಿ ಕಾಣುತ್ತಿತ್ತು. ಹತ್ತಿರದ ಮಾತು ದೂರದಿಂದ, ದೂರದ ಹಕ್ಕಿಯ ದನಿ ಕಿವಿಯ ಪಕ್ಕದಿಂದ ಬರುತ್ತಿತ್ತು. ನಾನು ಎಲ್ಲಿ ಮುಗಿಯುತ್ತೇನೆ, ಲೋಕ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದಂತಾಗಿ, ವಿಚಿತ್ರವೆಂದರೆ, ಬಹಳ ಹಾಯೆನಿಸಿತು. ಎಲ್ಲವನ್ನೂ ನೋಡುತ್ತಾ, ಎಲ್ಲರಿಗೂ ಕಾಣುತ್ತಾ ಬದುಕುವ ನಮ್ಮ ಬಯಲುಸೀಮೆಯಲ್ಲಿ ಇಂಥದ್ದೊಂದು ಸೌಲಭ್ಯವೇ ಇಲ್ಲವಲ್ಲ ಎನ್ನಿಸಿತು. ನಾವು ಬಿಕ್ಕಿ ಅತ್ತರೂ ಮೂರು ಹೊಲದಾಚೆಯವರಿಗೆ ಕಾಣುತ್ತದೆ.

ಅಕ್ಕನಿಗೆ ಇದನ್ನು ಹೇಳೋಣವೆಂದು ಪಕ್ಕಕ್ಕೆ ಕೈ ಚಾಚಿದೆ. ಬುತ್ತಿಯ ಗಂಟು ಇತ್ತು. ಬೆಂಚು ಬೆಚ್ಚಗಿತ್ತು. ಅಕ್ಕ ಇರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸರಪಳಿಯ ಸದ್ದು ಕೇಳಿಸಿತು. ಕಿರ್ ಎಂದು ಒಮ್ಮೆ, ಸ್ವಲ್ಪ ತಡೆದು ಮತ್ತೊಮ್ಮೆ. ಬಹಳ ದಿನದ ಮೇಲೆ ಹೊಲಿಗೆಯಂತ್ರದ ಮುಂದೆ ಕೂತವರು ತುಳಿದು ನೋಡುವ ಹಾಗೆ. ಆಮೇಲೆ ಸದ್ದಿಗೆ ಒಂದು ಲಯ ಬಂತು. ಲಯಕ್ಕೆ ವೇಗ ಬಂತು. ಕಂಬವೂ ಸಣ್ಣಗೆ ನರಳತೊಡಗಿತು. ಯಾರೂ ‘ಯಾರದು’ ಎಂದು ಕೇಳಲಿಲ್ಲ. ಶಾಂತವ್ವನ ಒರಟು ಕೈ ತಡಕಾಡುತ್ತಾ ಬಂದು ನನ್ನ ಕೈ ಹಿಡಿದುಕೊಂಡಿತು. ಮೇಲಿನಿಂದ, ತೀರಾ ಮೇಲಿನಿಂದ, ಒಂದು ನಗು ಕೇಳಿಸಿತು. ಹುಡುಗಿಯ ನಗು. ನನಗೆ ಅಳು ತಡೆಯಲಾಗಲಿಲ್ಲ. ಯಾರಿಗೂ ಕಾಣುವುದಿಲ್ಲವಲ್ಲ ಎಂದು ನಾನೂ ಸಾಕಷ್ಟು ಅತ್ತೆ.

ಮಂಜು ತೆಳುವಾಗುವ ಹೊತ್ತಿಗೆ ಅಕ್ಕ ನನ್ನ ಪಕ್ಕದಲ್ಲಿ ಕೂತು ಗಂಟು ಬಿಚ್ಚುತ್ತಿದ್ದಳು. ತುರುಬು ಬಿಚ್ಚಿ ಬೆನ್ನ ಮೇಲೆ ಹರಡಿತ್ತು. ಉಸಿರು ಇನ್ನೂ ಮೇಲುಮೇಲಕ್ಕೆ ಏರುತ್ತಿತ್ತು.

“ಭಾಳ ಥಂಡಿ ಐತಿ ನೋಡ,” ಎಂದಳು.

“ಹೂಂ,” ಎಂದೆ.

“ರೊಟ್ಟಿ ಕೊಡ ಗಿರಿಜವ್ವಾ, ಹಸದ ಸಾಯಾಕತ್ತೇನಿ,” ಎಂದು ಶಾಂತವ್ವ ಕೈ ಒಡ್ಡಿದಳು. ಮೆತ್ತಗಾದ ರೊಟ್ಟಿಯಲ್ಲಿ ಹಿಂಡಿ ಸುತ್ತಿಕೊಂಡು ಎಲ್ಲರೂ ತಿಂದೆವು. ಊರಿಗೆ ಮರಳುವ ದಾರಿಯಲ್ಲಿ ಹೂವು, ಚಳಿ, ಕಾಫಿ, ಎಲ್ಲದರ ಮಾತೂ ಬಂತು, ಜೋಕಾಲಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ವ್ಯೂ ಪಾಯಿಂಟಿನಿಂದ ಏನು ಕಾಣುತ್ತದೆ ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ.

ಶ್ರಾವಣ ಬಂತು. ಪಂಚಮಿಗೆ ಎರಡು ದಿನ ಮೊದಲು ಅಕ್ಕನ ಫೋನು ಬಂತು, ಬರುತ್ತೇನೆ ಎಂದು. ಸಂತೋಷದ ಜೊತೆಗೇ ಅಂಜಿಕೆಯೂ ಆಯಿತು. ನಮ್ಮಲ್ಲಿ ಮಂಜು ಎಲ್ಲಿಂದ ತರುವುದು? ಹಬ್ಬದ ದಿನ ಮೋಡ ಹರಿದು ಕಣ್ಣು ಕುಕ್ಕುವ ಬಿಸಿಲು ಬಿದ್ದಿತ್ತು. ಅಕ್ಕ ಬಂದಳು, ಉಂಡಿ ಹಂಚಿದಳು, ಕಟ್ಟೆಯ ಮೇಲೆ ಕೂತಳು. ನಾನು ಈ ಸಲ ಕೈ ಹಿಡಿದು ಎಳೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಜೋಕಾಲಿ ಬರಿದಾಗಿ ನಿಂತಿತು. ಅಕ್ಕ ಎದ್ದು ಸೆರಗು ಸಿಕ್ಕಿಸಿದಳು. ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ, ದೇವರಾಣೆಗೂ ಇಲ್ಲ. ಆದರೂ ಇಡೀ ಓಣಿ ಒಮ್ಮೆಲೇ ಬೇರೆ ಕಡೆ ನೋಡತೊಡಗಿತು. ಒಬ್ಬಳಿಗೆ ಬಳೆ ಬಿಗಿಯಾಯಿತು. ಇನ್ನೊಬ್ಬಳಿಗೆ ಗಟಾರದಲ್ಲಿ ಏನೋ ಕಂಡಿತು. ಶಾಂತವ್ವ ಪೂರಾ ಬೆನ್ನು ತಿರುಗಿಸಿ ಯಾರದೋ ಎಮ್ಮೆಯನ್ನು ಹೊಗಳುತ್ತಿದ್ದಳು. ನಾನು ಬೇವಿನ ತೊಗಟೆಯನ್ನು ಬೀಜ ನೋಡುವಷ್ಟು ಗಮನವಿಟ್ಟು ನೋಡುತ್ತಾ ನಿಂತೆ. ಹಗ್ಗ ಒಂದು ಸಲ ಕಿರ್ರೆಂದಿತು. ಮತ್ತೆ ಸುಮ್ಮನಾಯಿತು.

“ಏನ ಆಗೇತಿ ನಿಮಗೆಲ್ಲಾ?” ಎಂದು ಹಿಂದಿನಿಂದ ಅಕ್ಕನ ದನಿ ಗುಡುಗಿತು. “ಪಂಚಮಿ ದಿನಾ ಆ ಕಡಿ ಮಾರಿ ಮಾಡಿ ನಿಂತೀರಲ್ಲ! ನಾ ಒಬ್ಬಾಕಿ ಎಷ್ಟಂತ ಜೀಕಲಿ? ನೂಕ್ರಿ ಲಗೂ!”

ತಿರುಗಿ ನೋಡಿದರೆ ಅಕ್ಕ ಆ ಸುಡು ಬಿಸಿಲಲ್ಲಿ ಹಲಗೆಯ ಮೇಲೆ ನಿಂತಿದ್ದಳು, ಎಲ್ಲರಿಗೂ ಕಾಣುವ ಹಾಗೆ. ನಾವು ಓಡಿದೆವು. ನೂಕುವ ಕೈಗಳು ಹೆಚ್ಚಾಗಿ ಜೋಕಾಲಿ ಅಡ್ಡಾದಿಡ್ಡಿ ಹೊರಟಿತು. ಮೇಲೆ ಹೋದಾಗಲೂ ಕೆಳಗೆ ಬಂದಾಗಲೂ ಅವಳು ನಮ್ಮನ್ನು ಬೈಯುತ್ತಲೇ ಇದ್ದಳು.