ಮೊಣಕೈ ಗೆರೆ

ಆ ದಿನ ವಿಶೇಷವೇನೂ ಇರಲಿಲ್ಲ. ಮಧ್ಯಾಹ್ನ ಉಂಡೆದ್ದ ಮಂಜುನಾಥಪ್ಪ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಪಕ್ಕ ಬಂದು ನಿಂತ.

ಕೋಣಂದೂರಿನ ಆ ಮನೆಯ ಸಿಂಕಿನ ಕಟ್ಟೆಯನ್ನು ಅವನು ಮದುವೆಗೆ ಮೊದಲೇ ಕಟ್ಟಿಸಿದ್ದ. ಬರುವವಳು ಎಷ್ಟೆತ್ತರವೋ ಯಾರಿಗೆ ಗೊತ್ತು? ತನ್ನ ಸೊಂಟಕ್ಕೇ ಅಳತೆ ಕೊಟ್ಟ. ಬಂದ ಯಮುನಮ್ಮ ಗಿಡ್ಡಿ. ಕಟ್ಟೆ ಎದೆಗೆ ಬಂತು. ತಪ್ಪಿಗೆ ದಂಡವೆಂದು ಹಲಸಿನ ಹಲಗೆಯ ಮಣೆಯೊಂದನ್ನು ಮಾಡಿಕೊಟ್ಟ. ಇಪ್ಪತ್ತೆಂಟು ವರ್ಷ ಅವಳು ಅದರ ಮೇಲೇ ನಿಂತಳು. ಆದರೂ ಭುಜ ನೋಯುತ್ತಿತ್ತು. ಈಗ ಕಡಪ ಕಲ್ಲೂ ಬಿರುಕು ಬಿಟ್ಟು ನೀರು ಸೋರುತ್ತಿತ್ತು. ಒಡೆಸೋಣ, ಈ ಸಲ ನಿನ್ನ ಅಳತೆಗೇ ಎಂದಿದ್ದ.

"ಕೈ ಮಡಚು. ನೆಟ್ಟಗೆ ನಿಲ್ಲೇ ಮಾರಾಯ್ತಿ."

"ಇಷ್ಟು ವರ್ಷ ಆದ್ಮೇಲೆ ನನ್ನ ಅಳತೆ ನೆನಪಾಯ್ತಾ ನಿಮಗೆ?"

ಅವನು ನಕ್ಕ. ಆ ಉಸಿರು ಅವಳ ಮೊಣಕೈಗೆ ತಾಗಿತು. ಪಕ್ಕದ ಗೋಡೆಯ ಮೇಲೆ ಗೆರೆ ಎಳೆದ.

ಮರುದಿನ ತೀರ್ಥಹಳ್ಳಿಗೆ ಹೋಗಿ ಸ್ಟೀಲ್ ಸಿಂಕ್ ತಂದ. ತಂದ ಅಂತಲೂ ಹೇಳುವಂತಿಲ್ಲ. ಬರುವ ಬಸ್ಸಿನಲ್ಲಿ ಕೂತಲ್ಲೇ ಎದೆಬಡಿತ ನಿಂತಿತ್ತು. ಸಿಂಕ್ ತೊಡೆಯ ಮೇಲೇ ಇತ್ತು.

ವರ್ಷ ಕಳೆಯುವವರೆಗೆ ಮನೆಗೆ ಹಾರೆ ಮುಟ್ಟಿಸಲಿಲ್ಲ. ಯಮುನಮ್ಮನಿಗೆ ಆ ವರ್ಷ ಮಂಜಿನಲ್ಲಿ ನಡೆದ ಹಾಗೆ ಹೋಯಿತು. ನಲ್ಲಿ ಬಿಟ್ಟು ನಿಂತರೆ ನೀರಿನ ಸದ್ದಿನ ಒಳಗೆಲ್ಲೋ ಅವನು ಕೆಮ್ಮಿದಂತಾಗುತ್ತಿತ್ತು. ನಲ್ಲಿ ನಿಲ್ಲಿಸಿದರೆ ಇಲ್ಲ. ಗೋಡೆಯ ಗೆರೆ ಮಾತ್ರ ಇತ್ತು. ಅದರ ಹತ್ತಿರ ಬಟ್ಟೆ ಆಡಿಸಲು ಸೊಸೆ ಕಾವ್ಯಾಳಿಗೂ ಬಿಡಲಿಲ್ಲ.

ತಿಥಿ ಮುಗಿದ ಮೇಲೆ ಮೇಸ್ತ್ರಿ ಹೂವಪ್ಪ ಬಂದು ಹಳೆ ಕಟ್ಟೆ ಒಡೆದ. ಗೆರೆಗೆ ಟೇಪ್ ಹಿಡಿದವನು ಯಾಕೋ ಯಮುನಮ್ಮನನ್ನು ಕರೆದು ನಿಲ್ಲಿಸಿದ. ಅವಳ ಮೊಣಕೈ ಗೆರೆಗಿಂತ ಮೂರು ಬೆರಳು ಕೆಳಗೆ ನಿಂತಿತು.

"ಅಕ್ಕಾ, ಭಾವ ಯಾರನ್ನ ಅಳೆದ್ರು?"

ಅವಳು ಕಾಲು ನೋಡಿಕೊಂಡಳು. ಬರೀ ನೆಲ. ಮಣೆ ಬಾಗಿಲ ಸಂದಿಯಲ್ಲಿತ್ತು. ಅವತ್ತು ಗಂಡ ಅಳೆಯುವಾಗ ಅದರ ಮೇಲೇ ನಿಂತಿದ್ದಳು. ಅವನಿಗೂ ಹೊಳೆದಿಲ್ಲ, ಅವಳಿಗೂ ಇಲ್ಲ. ಮಣೆ ಅವಳ ಕಾಲೇ ಆಗಿಹೋಗಿತ್ತು.

ಮೂರು ಬೆರಳು ಇಳಿಸುತ್ತೇನೆ ಎಂದ ಹೂವಪ್ಪ. ಕಾವ್ಯಾಳೂ ಅದನ್ನೇ ಹೇಳಿದಳು. ಅತ್ತೆಯ ಮಂಡಿ ಮೊದಲೇ ಸರಿಯಿಲ್ಲ, ಇನ್ನೆಷ್ಟು ದಿನ ಮಣೆ ಹತ್ತುವುದು?

ಇಳಿಸಿದರೆ ಮಂಡಿ ಉಳಿಯುತ್ತದೆ. ಅವನು ಕೊನೆಗೆ ಹೇಳಿದ ಅಳತೆ ಉಳಿಯುವುದಿಲ್ಲ. ಯಮುನಮ್ಮ ಗೆರೆಗೆ ಬೆರಳಿಟ್ಟಳು. ಮೊಣಕೈಗೆ ಬೆಚ್ಚಗೆ ಏನೋ ತಾಗಿತು. ಕಿಟಕಿಯ ಬಿಸಿಲಿರಬೇಕು. ಹೂವಪ್ಪ ಕರಣೆ ಕೆಳಗಿಟ್ಟು ಕಾದ.

ಆಮೇಲೆ ಅವಳು ಉದ್ದದ ಸೊಸೆಯನ್ನು ಕರೆದಳು.

"ಕಾವ್ಯಾ, ನೀ ನಿಲ್ಲು. ಕೈ ಮಡಚು."

ಕಾವ್ಯಾಳ ಮೊಣಕೈ ಗೆರೆಗೆ ಸರಿಯಾಗಿ ಕೂತಿತು.

"ನೋಡು, ನಿಂಗೆ ಆಯ್ತಲ್ಲ. ಹೂವಪ್ಪ, ಗೆರೆಗೇ ಕಟ್ಟು."

"ನಿಮಗೆ, ಅತ್ತೆ?"

"ನಂಗೆ ಮಣೆ ಉಂಟು."

ಕಲ್ಲು ಕೂತಿತು. ಗೆರೆ ಅದರ ಹಿಂದೆ ಮುಚ್ಚಿಹೋಯಿತು.

ಈಗಲೂ ಮನೆಯಲ್ಲಿ ಯಮುನಮ್ಮನೇ ಮೊದಲು ಏಳುವುದು. ಬಾಗಿಲ ಸಂದಿಯಿಂದ ಮಣೆ ತಂದು ಹಾಕುತ್ತಾಳೆ. ಕಟ್ಟೆಯ ಅಂಚು ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು, ಮೇಲೆ ಹತ್ತುತ್ತಾಳೆ. ನಲ್ಲಿ ಬಿಟ್ಟು ಟೀ ಲೋಟಗಳನ್ನು ತೊಳೆದು ಬೋರಲು ಹಾಕುತ್ತಾಳೆ. ಇಳಿದು ಮಣೆ ಒರೆಸಿ, ಸೊಸೆ ಎಡವದ ಹಾಗೆ ಮತ್ತೆ ಸಂದಿಗೆ ಒರಗಿಸುತ್ತಾಳೆ.