ಶುಂಠಿ ಜಜ್ಜುತ್ತಿದ್ದ ಉಕ್ಕಿನ ತುಂಡು

ಕಾದ ಉಕ್ಕಿನ ಮೇಲೆ ಲೇತಿನ ಎಣ್ಣೆನೀರು ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಅದು ಅಪ್ಪನ ವಾಸನೆ. ಬಾಲಾನಗರದ ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅವ್ವ ಎಷ್ಟು ತಿಕ್ಕಿ ಒಗೆದರೂ ಅಪ್ಪನ ಖಾಕಿ ಅಂಗಿಯಿಂದ ಅದು ಹೋಗುತ್ತಿರಲಿಲ್ಲ. ಈಗ ಆ ಕ್ವಾರ್ಟರ್ಸೂ ಇಲ್ಲ, ಅವರಿಬ್ಬರೂ ಇಲ್ಲ. ನಾನು ಗಚ್ಚಿಬೌಲಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. ಟ್ಯಾನು, ಸೈನು ಕಲಿತು ಏನುಪಯೋಗ ಎಂದು ತಲೆ ತಿನ್ನುತ್ತಿದ್ದ ಹತ್ತನೆಯ ತರಗತಿಯ ಮಕ್ಕಳನ್ನು ಮೊನ್ನೆ ರುದ್ರಪ್ಪ ಕಾಕಾರ ಲೇತ್ ಶೆಡ್ಡಿಗೆ ಕರೆದುಕೊಂಡು ಹೋದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಕಾಕಾ ಮತ್ತು ಅಪ್ಪ ಒಂದೇ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಉಕ್ಕು ಕಡೆಯುವ ಟರ್ನರ್ ಆಗಿದ್ದವರು.

ನಾನು ಹತ್ತನೆಯಲ್ಲಿದ್ದಾಗ ಅಪ್ಪನಿಗೆ ಬಡ್ತಿಯ ಪರೀಕ್ಷೆ ಬಂದಿತ್ತು. ದುಂಡು ಉಕ್ಕೊಂದನ್ನು ಓರೆಯಾಗಿ, ಒಂದು ತುದಿಗೆ ಸಣ್ಣದಾಗುವಂತೆ ಕಡೆಯಬೇಕು. ಹಿಂದಿನ ದಿನ ಕೊಟ್ಟ ನಕ್ಷೆಯಲ್ಲಿ ಅಳತೆಗಳಿದ್ದವು, ಓರೆಯ ಕೋನ ಇರಲಿಲ್ಲ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ಅಪ್ಪ ಅದನ್ನು ನನ್ನ ಮುಂದೆ ಹಾಸಿ, "ಈ ತುದಿ ದಪ್ಪ ಐವತ್ತು, ಆ ತುದಿ ಮೂವತ್ತು, ಉದ್ದ ಇಪ್ಪತ್ತು. ಎಷ್ಟು ಡಿಗ್ರಿ ಇಡಬೇಕವ್ವಾ?" ಎಂದು ಕೇಳಿದ. ಐವತ್ತರಲ್ಲಿ ಮೂವತ್ತು ಕಳೆದರೆ ಇಪ್ಪತ್ತು, ಉದ್ದವೂ ಇಪ್ಪತ್ತು, ಟ್ಯಾನ್ ಒಂದು! ಪೆನ್ನು ಕೂಡ ಮುಟ್ಟದೆ ನಲವತ್ತೈದು ಎಂದುಬಿಟ್ಟೆ. ಅವತ್ತಿನ ನನ್ನ ಜಂಭ ಏನು ಹೇಳಲಿ.

ಮರುದಿನ ಅಪ್ಪ ಫೇಲಾಗಿ ಬಂದ. ಕೆಟ್ಟ ತುಂಡನ್ನು ಕೇಳಿ ತಂದಿದ್ದ. ಅದರ ತುದಿ ತೀರಾ ಚೂಪಾಗಿತ್ತು. "ಇಷ್ಟು ಸರಳ ಲೆಕ್ಕ ಮಾಡಿಕೊಟ್ರೂ ಕೆಡಿಸ್ಕೊಂಡು ಬಂದ್ಯಲ್ಲಪ್ಪಾ!" ಎಂದು ನಾನೇ ಸಿಡುಕಿದೆ. "ನಿಂದು ಸರಿ ಐತಿ ಬಿಡವ್ವಾ. ನನ್ನ ಕೈ ಜಾರಿತು," ಎಂದ. ಮುಂದೆ ಅದೇ ದರ್ಜೆಯಲ್ಲೇ ರಿಟೈರ್ ಆದ. ಆ ತುಂಡಿನ ದಪ್ಪ ತುದಿಯಿಂದ ಅವ್ವ ವರ್ಷಗಟ್ಟಲೆ ಚಹಕ್ಕೆ ಶುಂಠಿ ಜಜ್ಜಿದಳು.

ಮೊನ್ನೆ ಕಾಕಾ ಕನ್ನಡ ಬಾರದ ಆ ಮಕ್ಕಳಿಗೆ ಅಂಥದೇ ತುಂಡನ್ನು ತೋರಿಸಿ, ಹಿಂದಿಯಲ್ಲಿ, ದುಂಡು ವಸ್ತು ಎರಡೂ ಮಗ್ಗುಲಿಂದ ಸವೆಯುತ್ತದೆ, ಆದ್ದರಿಂದ ಕೋನದ ಲೆಕ್ಕಕ್ಕೆ ದಪ್ಪದ ವ್ಯತ್ಯಾಸದ ಅರ್ಧ ಮಾತ್ರ ಹಿಡಿಯಬೇಕು ಎಂದರು. ಅರ್ಧ! ಅಂದರೆ ಅವತ್ತು ಅಪ್ಪನಿಗೆ ನಾನು ಹೇಳಿದ ನಲವತ್ತೈದೇ ತಪ್ಪು. ಇಷ್ಟು ವರ್ಷ ಬೋರ್ಡಿನ ಮೇಲೆ ಟ್ಯಾನ್ ಬರೆದವಳಿಗೆ ಇದು ಹೊಳೆದೇ ಇರಲಿಲ್ಲವಲ್ಲ, ಥೂ ನನ್ನ! ಮಕ್ಕಳು ಬಸ್ಸು ಹತ್ತಿದ ಮೇಲೆ, "ಅಪ್ಪಗ ಇದು ಗೊತ್ತಿತ್ತೇನ್ರಿ ಕಾಕಾ?" ಎಂದು ಕೇಳಿದೆ.

"ಗೊತ್ತಾಗದೇ ಇರತೈತೇನವ್ವಾ? ಅದು ಅವನ ಕೈಯಾಗಿನ ಕೆಲಸ. ಪರೀಕ್ಷೆ ದಿನ ಬಾಜೂಕ ನಿಂತು, ಭಾಳ ಚೂಪಾಕತ್ತೈತಿ, ನಿಲ್ಲಸೋ ಅಂತ ನಾನೂ ಅಂದೆ. ಮಗಳು ಲೆಕ್ಕ ಹಾಕ್ಯಾಳ, ಕಲತಾಕಿ, ತಪ್ಪಂಗಿಲ್ಲ ಅಂದ."

ಮನೆಗೆ ಬಂದವಳೇ ಅಡುಗೆಮನೆಯಿಂದ ಆ ತುಂಡನ್ನು ತೆಗೆದು, ಅಂಟಿದ್ದ ಶುಂಠಿಯ ನಾರು ಒರೆಸಿ, ಕೋನಮಾಪಕ ಇಟ್ಟು ನೋಡಿದೆ. ನಲವತ್ತೈದು. ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ. ಅಪ್ಪನ ಕೈ ಜಾರಿರಲಿಲ್ಲ.